ಸಪ್ಲೈಯರ್‌ಗೆ ಕೊಟ್ಟ ಟಿಪ್ಸ್‌ನಲ್ಲಿ ರೊಟ್ಟಿ ಬಡಿಯುವವರಿಗೂ ಪಾಲು ಬೇಕೇ?

ಕಲಬುರಗಿಯಲ್ಲಿ ಹೊರಗೆ ಊಟ ಮಾಡಿ ಬಂದವರನ್ನು ಕೇಳಿ ನೋಡಿ, ಊಟ ಹೇಗಿತ್ತು ಅಂತ. ರೊಟ್ಟಿ ಬಿಸಿ ಇತ್ತು ಅಂತಾರೆ. ಎಣ್ಣೆಗಾಯಿ ಚೆನ್ನಾಗಿ ಬೆಂದಿತ್ತು, ಪುಂಡಿಪಲ್ಯ ಹದವಾಗಿತ್ತು, ತಹರಿಯಲ್ಲಿ ಮಸಾಲೆ ಸರಿ ಇತ್ತು ಅಂತಾರೆ. ಹೊಗಳಿಕೆಯೆಲ್ಲ ಅಡುಗೆಮನೆಗೆ. ಆದರೆ ಬಿಲ್ ಕೊಟ್ಟು ಏಳುವಾಗ ಬಡೇಸೋಪಿನ ತಟ್ಟೆಯಲ್ಲಿ ಬಿಟ್ಟ ಇಪ್ಪತ್ತು ರೂಪಾಯಿ ಸಪ್ಲೈಯರ್ ಜೇಬಿಗೆ ಹೋಗುತ್ತದೆ. ಭಟ್ಟಿಯ ಮುಂದೆ ನಿಂತವರಿಗೆ, ರೊಟ್ಟಿ ಬಡಿದವರಿಗೆ, ತಟ್ಟೆ ತೊಳೆದವರಿಗೆ ಆ ದುಡ್ಡು ಬಂದದ್ದೂ ಗೊತ್ತಿರುವುದಿಲ್ಲ.

ಈ ದುಡ್ಡನ್ನು ಎಲ್ಲರೂ ಹಂಚಿಕೊಳ್ಳಬೇಕೇ? ಕೆಲವು ವರ್ಷಗಳಿಂದ ಬೇರೆ ಬೇರೆ ದೇಶಗಳಲ್ಲಿ ಈ ಪ್ರಶ್ನೆ ಕಾನೂನಿನ ಮಟ್ಟಕ್ಕೆ ಹೋಗಿದೆ. ಅಮೆರಿಕ 2018ರಲ್ಲಿ ನಿಯಮ ಬದಲಿಸಿತು. ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 1ರಿಂದ ಹೊಸ ಕಾನೂನು ಬಂದಿದೆ. ನಮ್ಮಲ್ಲಿ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಸರ್ವಿಸ್ ಚಾರ್ಜ್ ಬಗ್ಗೆ ಕೊಟ್ಟ ತೀರ್ಪು ಇದೇ ವಿಷಯವನ್ನು ಇನ್ನೊಂದು ಬಾಗಿಲಿನಿಂದ ಒಳಗೆ ತಂದಿತು.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಹಂಚಬೇಕು. ಆದರೆ ಹೊರಗೆ ದುಡಿಯುವವರಿಂದ ತೆಗೆದು ಒಳಗೆ ದುಡಿಯುವವರಿಗೆ ಕೊಡುವ ಲೆಕ್ಕದಲ್ಲಿ ಅಲ್ಲ. ಆ ಹೋಟೆಲ್‌ನಲ್ಲಿ ಅತಿ ಕಡಿಮೆ ಪಗಾರ ಯಾರದ್ದೋ, ಪಾಲು ಮೊದಲು ಅವರಿಗೆ ಮುಟ್ಟಬೇಕು. ಇನ್ನೊಂದು ಮಾತು, ಎಲ್ಲರಿಗೂ ಕಾನೂನು ಹೇಳಿದ ಪಗಾರ ಪೂರ್ತಿ ಸಿಗುವ ತನಕ ಟಿಪ್ಸ್ ಹಂಚಿಕೆಯ ಮಾತನ್ನು ಮಾಲೀಕರು ಎತ್ತಲೇಬಾರದು.

ಸಪ್ಲೈಯರ್‌ಗಳ ವಾದದಿಂದಲೇ ಶುರು ಮಾಡೋಣ. ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರುವ ಕೆಲಸ ಅದು. ಸಾರಿನಲ್ಲಿ ಉಪ್ಪು ಜಾಸ್ತಿಯಾದರೆ ಬೈಸಿಕೊಳ್ಳುವುದು ಅಡುಗೆಯವರಲ್ಲ, ಸಪ್ಲೈಯರ್. ಆರ್ಡರ್ ತಡವಾದರೂ ಅವನೇ, ಫ್ಯಾನ್ ತಿರುಗದಿದ್ದರೂ ಅವನೇ. ಮಗು ನೀರು ಚೆಲ್ಲಿದರೆ ಒರೆಸುವವನೂ ಅವನೇ. ಪರಿಚಯದ ಗಿರಾಕಿ ಬಂದರೆ ಅವರಿಗೆ ಎಂಥ ಮಜ್ಜಿಗೆ ಬೇಕು, ಎಷ್ಟು ಖಾರ ಬೇಕು ಅಂತ ನೆನಪಿಟ್ಟುಕೊಳ್ಳುತ್ತಾನೆ. ಗಿರಾಕಿ ದುಡ್ಡು ಬಿಡುವುದು ಇದಕ್ಕೆ. ಹಾಗಿರುವಾಗ ನನ್ನ ದುಡಿಮೆಯಲ್ಲಿ ಇನ್ನೊಬ್ಬರಿಗೆ ಯಾಕೆ ಪಾಲು ಅಂತ ಅವನು ಕೇಳಿದರೆ ತಪ್ಪೇನಿದೆ?

ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ಎಷ್ಟೋ ಕಡೆ ಸಪ್ಲೈಯರ್‌ಗೆ ಪಗಾರ ಮಾತಾಡುವಾಗಲೇ ‘ಹೆಂಗೂ ಟಿಪ್ಸ್ ಬರ್ತದಲ್ಲ’ ಅಂತ ಹೇಳಿ ಒಂದಿಷ್ಟು ಕಡಿಮೆ ಮಾಡಿರುತ್ತಾರೆ. ಅಂದರೆ ಮಾಲೀಕರು ಕೊಡಬೇಕಾದ ದುಡ್ಡನ್ನು ಗಿರಾಕಿಯಿಂದ ಕೊಡಿಸುವ ವ್ಯವಸ್ಥೆ ಇದು. ಅಂಥ ಕಡೆ ಟಿಪ್ಸ್‌ನಲ್ಲಿ ಪಾಲು ಕೇಳಿದರೆ ಸಪ್ಲೈಯರ್ ತನ್ನ ಪಗಾರದಲ್ಲೇ ಪಾಲು ಕೊಟ್ಟಂತಾಗುತ್ತದೆ.

ಈಗ ಒಳಗೆ ಹೋಗೋಣ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ರಸ್ತೆಯಲ್ಲೇ ನಿಲ್ಲಲು ಆಗದ ಆ ಹೊತ್ತಿನಲ್ಲಿ ತಂದೂರಿನ ಬಾಯಿಗೆ ಕೈ ಹಾಕಿ ನಾನ್ ತೆಗೆಯುವವನ ಸ್ಥಿತಿ ಹೇಗಿರುತ್ತದೆ? ಊಟದ ಹಾಲ್‌ನಲ್ಲಿ ಎಸಿ ಇರುತ್ತದೆ, ಕಡೇಪಕ್ಷ ಕೂಲರ್ ಇರುತ್ತದೆ. ಅಡುಗೆಮನೆಯಲ್ಲಿ ಹೆಚ್ಚೆಂದರೆ ಹೊಗೆ ಹೋಗುವ ಫ್ಯಾನ್. ಗ್ಯಾಸ್ ಒಲೆಗೆ ಗಾಳಿ ತಾಕಬಾರದು ಅಂತ ಬೇರೆ ಫ್ಯಾನನ್ನೂ ಹಾಕುವುದಿಲ್ಲ. ಇನ್ನು ಪಾತ್ರೆ ತೊಳೆಯುವ ಜಾಗ. ದಿನವಿಡೀ ಸೋಪಿನ ನೀರಲ್ಲಿ ಕೈ ಅದ್ದಿ ಬೆರಳುಗಳ ಸಂದಿ ಹುಣ್ಣಾಗುತ್ತದೆ. ಅಲ್ಲಿ ನಿಂತವರ ಮುಖವನ್ನು ಯಾವ ಗಿರಾಕಿಯೂ ನೋಡುವುದಿಲ್ಲ.

ನಮ್ಮ ಕಡೆಯ ಖಾನಾವಳಿಗಳಲ್ಲಿ ಇನ್ನೊಂದು ಗುಂಪಿದೆ. ಜೋಳದ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು. ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಕೈಯಿಂದ ತಟ್ಟಿ ತಟ್ಟಿ ದೊಡ್ಡದು ಮಾಡಿ, ಹಂಚಿನ ಮೇಲೆ ಹಾಕಿ, ನೀರು ಸವರಿ ಬೇಯಿಸುವ ಕೆಲಸ ನೋಡಲು ಸುಲಭ. ಮಾಡಿ ನೋಡಿದವರಿಗೇ ಗೊತ್ತು. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಅಂಟು ಇಲ್ಲ, ಕೈ ಸ್ವಲ್ಪ ತಪ್ಪಿದರೂ ಅಂಚು ಒಡೆಯುತ್ತದೆ. ಕಲಬುರಗಿ ರೊಟ್ಟಿ ಅನ್ನುವ ಹೆಸರಿನಲ್ಲಿ ಜಿಲ್ಲೆಯ ಮಹಿಳಾ ಸಂಘಗಳ ರೊಟ್ಟಿ ಈಗ ಹೊರ ಊರುಗಳಿಗೂ ಹೋಗುತ್ತಿದೆ, ಅದು ನಿಜಕ್ಕೂ ಖುಷಿಯ ವಿಷಯ. ಆದರೆ ಹೋಟೆಲ್‌ನ ಹಿಂದಿನ ಕೋಣೆಯಲ್ಲಿ ಕೂತು ರೊಟ್ಟಿಗೆ ಇಷ್ಟು ಅಂತಲೋ ದಿನಕ್ಕೆ ಇಷ್ಟು ಅಂತಲೋ ಕೂಲಿ ಪಡೆಯುವ ಹೆಂಗಸಿಗೆ ಆ ಹೆಸರಿನಿಂದ ಏನೂ ಬರುವುದಿಲ್ಲ. ಟಿಪ್ಸ್ ಅಂತೂ ದೂರದ ಮಾತು.

ಅಮೆರಿಕದ ಜಗಳ ನಮ್ಮ ಜಗಳ ಅಲ್ಲ

ಈ ವಿಷಯದ ಬಗ್ಗೆ ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವುದೆಲ್ಲ ಹೆಚ್ಚಾಗಿ ಅಮೆರಿಕದ ಚರ್ಚೆ. ಅದನ್ನು ಓದಿ ಹಾಗೇ ಇಲ್ಲಿಗೆ ತಂದರೆ ಎಡವುತ್ತೇವೆ. ಯಾಕೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಅಮೆರಿಕದ ಕೇಂದ್ರ ಕಾನೂನಿನಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ಗಂಟೆಗೆ ಕೇವಲ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಈ ಮೊತ್ತ ಬದಲಾಗಿಲ್ಲ. ಅಲ್ಲಿನ ಕೇಂದ್ರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ನಡುವಿನ ಅಂತರವನ್ನು ಟಿಪ್ಸ್ ತುಂಬಬೇಕು, ತುಂಬದಿದ್ದರೆ ಮಾತ್ರ ಮಾಲೀಕ ತುಂಬಿಕೊಡಬೇಕು. ಹೀಗೆ ಕಡಿಮೆ ಕೂಲಿ ಕೊಡುವ ಕಡೆ ಟಿಪ್ಸ್ ಅನ್ನು ಅಡುಗೆಮನೆಗೆ ಹಂಚಿಸುವಂತಿಲ್ಲ. 2018ರ ತಿದ್ದುಪಡಿ ಹೇಳಿದ್ದು ಇಷ್ಟು: ಎಲ್ಲರಿಗೂ ಪೂರ್ತಿ ಕನಿಷ್ಠ ಕೂಲಿ ಕೊಡುವ ಮಾಲೀಕ ಟಿಪ್ಸ್ ಅನ್ನು ಅಡುಗೆಯವರಿಗೂ, ಪಾತ್ರೆ ತೊಳೆಯುವವರಿಗೂ ಹಂಚುವ ಪದ್ಧತಿ ಮಾಡಬಹುದು. ಮಾಲೀಕ, ಮ್ಯಾನೇಜರ್, ಸೂಪರ್‌ವೈಸರ್ ಮಾತ್ರ ಕೆಲಸಗಾರರ ಟಿಪ್ಸ್ ಇಟ್ಟುಕೊಳ್ಳುವಂತಿಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂಥ ಕೆಲವು ರಾಜ್ಯಗಳಲ್ಲಿ ಈ ತಿದ್ದುಪಡಿಗೂ ಮುಂಚಿನಿಂದಲೇ ಎಲ್ಲರಿಗೂ ಪೂರ್ತಿ ಕೂಲಿ ಕೊಡಲೇಬೇಕು.

ಅಲ್ಲಿ ಗಿರಾಕಿಗಳು ಬಿಲ್‌ನ 15ರಿಂದ 20 ಶೇಕಡಾ ಟಿಪ್ಸ್ ಬಿಡುವುದು ವಾಡಿಕೆ. ದೊಡ್ಡ ನಗರದ ದುಬಾರಿ ರೆಸ್ಟೋರೆಂಟ್‌ನಲ್ಲಿ ಬಡಿಸುವವರ ಆದಾಯ ಅಡುಗೆಯವರಿಗಿಂತ ಎಷ್ಟೋ ಮುಂದೆ ಹೋಗಿಬಿಡುತ್ತದೆ. ಇದನ್ನು ಸರಿಮಾಡಲು ನ್ಯೂಯಾರ್ಕ್‌ನ ಹೆಸರಾಂತ ರೆಸ್ಟೋರೆಂಟ್ ಉದ್ಯಮಿ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ರೆಸ್ಟೋರೆಂಟ್‌ಗಳಲ್ಲಿ ಟಿಪ್ಸ್ ತೆಗೆದುಹಾಕಲು ಹೊರಟರು. ಊಟದ ಬೆಲೆ ಏರಿಸಿದರು, ಆ ದುಡ್ಡಿನಿಂದ ಎಲ್ಲರ ಪಗಾರ ಹೆಚ್ಚಿಸುವ ಯೋಜನೆ. ಬಡಿಸುವವರಲ್ಲಿ ಹಲವರು ಕೆಲಸ ಬಿಟ್ಟರು. 2020ರಲ್ಲಿ, ಕೋವಿಡ್ ನಡುವೆ, ಟಿಪ್ಸ್ ಮತ್ತೆ ವಾಪಸ್ ಬಂತು. ಇದು ದೊಡ್ಡ ಪಾಠ. ಅಕ್ಕಪಕ್ಕದ ಹೋಟೆಲ್‌ನಲ್ಲಿ ಟಿಪ್ಸ್ ಜೇಬಿಗೆ ಬೀಳುತ್ತಿರುವಾಗ ಒಂದೇ ಹೋಟೆಲ್ ಪದ್ಧತಿ ಬದಲಿಸಿದರೆ ಒಳ್ಳೆ ಸಪ್ಲೈಯರ್‌ಗಳು ಅಲ್ಲಿ ಉಳಿಯುವುದು ಕಷ್ಟ.

ಈಗ ನಮ್ಮ ಊರಿಗೆ ಬನ್ನಿ. ಇಲ್ಲಿ ಶೇಕಡಾವಾರು ಲೆಕ್ಕ ಹಾಕಿ ಟಿಪ್ಸ್ ಬಿಡುವವರು ಎಷ್ಟು ಜನ? ಸಾವಿರ ರೂಪಾಯಿ ಬಿಲ್ ಆದರೂ ಚಿಲ್ಲರೆಯಲ್ಲಿ ಉಳಿದ ಹತ್ತಿಪ್ಪತ್ತು ಬಿಡುತ್ತೇವೆ. ಹಾಗಾಗಿ ಟಿಪ್ಸ್‌ನಿಂದ ಸಪ್ಲೈಯರ್ ಶ್ರೀಮಂತನಾಗುವ ಮಾತೇ ಇಲ್ಲ. ಇನ್ನೊಂದು ಕಡೆ, ಇಲ್ಲಿನ ಅಡುಗೆಮನೆ ಒಂದೇ ಮಟ್ಟದ್ದಲ್ಲ. ಬಿರಿಯಾನಿ ಮಾಡುವ ಬಾವರ್ಚಿ, ತಂದೂರಿ ಮಾಸ್ಟರ್, ದೋಸೆ ಮಾಸ್ಟರ್, ಇವರ ಕೈಗೆ ಬೇಡಿಕೆ ಇದೆ. ಒಬ್ಬ ಒಳ್ಳೆ ಮಾಸ್ಟರ್ ಬಿಟ್ಟುಹೋದರೆ ಹೋಟೆಲ್‌ನ ಗಿರಾಕಿಯೇ ಬದಲಾಗುತ್ತದೆ. ಹಾಗಾಗಿ ಮಾಸ್ಟರ್ ಪಗಾರ ಸಾಮಾನ್ಯವಾಗಿ ಸಪ್ಲೈಯರ್ ಪಗಾರಕ್ಕಿಂತ ಜಾಸ್ತಿ. ಅದೇ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಹೆಲ್ಪರ್, ಪಾತ್ರೆ ತೊಳೆಯುವವರು, ರೊಟ್ಟಿ ಬಡಿಯುವವರು ಎಲ್ಲರಿಗಿಂತ ಕೆಳಗೆ.

ಅಂದರೆ ಅಮೆರಿಕದ ಹಾಗೆ ಸಪ್ಲೈಯರ್ ಒಂದು ಕಡೆ, ಅಡುಗೆಮನೆ ಇನ್ನೊಂದು ಕಡೆ ಅಂತ ಗೆರೆ ಎಳೆದು ಹಂಚಿದರೆ ಇಲ್ಲಿ ಏನಾಗುತ್ತದೆ? ಕಡಿಮೆ ಪಗಾರದ ಸಪ್ಲೈಯರ್ ಜೇಬಿನಿಂದ ದುಡ್ಡು ಹೆಚ್ಚು ಪಗಾರದ ಮಾಸ್ಟರ್ ಜೇಬಿಗೆ ಹೋಗುತ್ತದೆ. ಇದು ನ್ಯಾಯವಲ್ಲ. ನಮ್ಮಲ್ಲಿ ಪಾಲು ಹೋಗಬೇಕಾದದ್ದು ಹೆಲ್ಪರ್‌ಗೆ, ಕ್ಲೀನರ್‌ಗೆ, ಪಾತ್ರೆಯವರಿಗೆ, ರೊಟ್ಟಿಯವರಿಗೆ. ಮಾಸ್ಟರ್‌ಗೆ ಬೇಕಿರುವುದು ಒಳ್ಳೆ ಪಗಾರ, ವಾರದ ರಜೆ, ಸುಟ್ಟ ಗಾಯಕ್ಕೆ ಔಷಧಿ. ಅದನ್ನು ಕೊಡಬೇಕಾದವರು ಮಾಲೀಕರು.

ನಮ್ಮ ಕಾನೂನು ಏನು ಹೇಳುತ್ತದೆ

ಭಾರತದಲ್ಲಿ ಟಿಪ್ಸ್ ಹಂಚಿಕೆಗೆ ಅಂತಲೇ ಒಂದು ಕಾನೂನು ಇಲ್ಲ. ಆದರೆ ಸುತ್ತಮುತ್ತ ಇರುವ ಕೆಲವು ತೀರ್ಪುಗಳಿಂದ ಚಿತ್ರ ಸ್ಪಷ್ಟವಾಗುತ್ತದೆ.

ಐಟಿಸಿ ಕಂಪನಿಯ ಹೋಟೆಲ್‌ಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ಗಿರಾಕಿ ಕ್ರೆಡಿಟ್ ಕಾರ್ಡ್ ಮೂಲಕ ಕೊಟ್ಟ ಟಿಪ್ಸ್ ಅನ್ನು ಹೋಟೆಲ್ ತೆಗೆದುಕೊಂಡು ಕೆಲಸಗಾರರಿಗೆ ಹಂಚಿದರೆ ಅದು ಸಂಬಳ ಆಗುವುದಿಲ್ಲ, ಅದರ ಮೇಲೆ ಹೋಟೆಲ್ ಸಂಬಳದ ಟಿಡಿಎಸ್ (ಕೊಡುವ ಮುಂಚೆಯೇ ಮುರಿದುಕೊಳ್ಳುವ ಆದಾಯ ತೆರಿಗೆ) ಕಡಿಯಬೇಕಿಲ್ಲ ಅಂತ. ಕೋರ್ಟ್ ಕೊಟ್ಟ ಕಾರಣ ಸರಳ. ಟಿಪ್ಸ್ ಬರುವುದು ಗಿರಾಕಿಯಿಂದ, ಅವರ ಖುಷಿಯಿಂದ. ಮಾಲೀಕರಿಂದ ಅಲ್ಲ. ತೆರಿಗೆಯ ವಿಷಯದಲ್ಲಿ ಹುಟ್ಟಿದ ಈ ಮಾತು ಪಗಾರದ ವಿಷಯಕ್ಕೂ ದಾರಿ ತೋರಿಸುತ್ತದೆ. ಟಿಪ್ಸ್ ಸಂಬಳವೇ ಅಲ್ಲ ಅಂದಮೇಲೆ ಅದನ್ನು ತೋರಿಸಿ ಸಂಬಳ ಕಡಿಮೆ ಮಾಡುವುದು ಹೇಗೆ?

ಅಮೆರಿಕದಂತೆ ಟಿಪ್ಸ್ ಬರುತ್ತದೆ ಅಂತ ಕನಿಷ್ಠ ಕೂಲಿಯಲ್ಲಿ ಕಡಿತ ಮಾಡುವ ಅವಕಾಶ ನಮ್ಮ ಕಾನೂನಿನಲ್ಲಿ ಇಲ್ಲ. ಕರ್ನಾಟಕದಲ್ಲಿ ಹೋಟೆಲ್ ಉದ್ಯಮಕ್ಕೆ ಸರ್ಕಾರ ಕನಿಷ್ಠ ಕೂಲಿ ನಿಗದಿ ಮಾಡುತ್ತದೆ. ಊರಿನ ವಲಯ ಮತ್ತು ಕೆಲಸದ ಕೌಶಲದ ಪ್ರಕಾರ ಮೊತ್ತ ಬೇರೆ ಬೇರೆ. ಬೆಂಗಳೂರಿನ ದರ ಕಲಬುರಗಿಗೆ ಇಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಕನಿಷ್ಠ ಕೂಲಿಯ ಹಕ್ಕನ್ನು ಅದು ಎಲ್ಲ ಕೆಲಸಗಾರರಿಗೂ ವಿಸ್ತರಿಸಿದೆ. ತುಂಡು ಲೆಕ್ಕದಲ್ಲಿ ಕೂಲಿ ಪಡೆಯುವವರೂ ಅದರೊಳಗೆ ಬರುತ್ತಾರೆ. ಅಂದರೆ ರೊಟ್ಟಿಗೆ ಇಷ್ಟು ಅಂತ ದುಡಿಯುವ ಹೆಂಗಸಿಗೂ ಈ ಹಕ್ಕಿದೆ. ಇದು ಪುಸ್ತಕದಲ್ಲಿ ಇರುವುದು ಒಂದು, ಹಿಂದಿನ ಕೋಣೆಗೆ ಮುಟ್ಟುವುದು ಇನ್ನೊಂದು. ಆದರೂ ಹಕ್ಕು ಇದೆ ಅನ್ನುವುದು ಗೊತ್ತಿರಬೇಕು.

ಸರ್ವಿಸ್ ಚಾರ್ಜ್ ವಿಷಯವೂ ಇಲ್ಲೇ ಬರುತ್ತದೆ. ದೊಡ್ಡ ಹೋಟೆಲ್‌ಗಳು ಬಿಲ್‌ನಲ್ಲಿ 5ರಿಂದ 10 ಶೇಕಡಾ ಸರ್ವಿಸ್ ಚಾರ್ಜ್ ಸೇರಿಸುತ್ತಿದ್ದವು. ಅದನ್ನು ತಾನಾಗಿಯೇ ಬಿಲ್‌ಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಮಾಲೀಕರ ಸಂಘಗಳು ಕೋರ್ಟಿಗೆ ಹೋದವು. ಅವರ ವಾದಗಳಲ್ಲಿ ಒಂದು ನಮ್ಮ ವಿಷಯದ್ದೇ: ಟಿಪ್ಸ್ ಬಡಿಸಿದವರಿಗೆ ಮಾತ್ರ ಹೋಗುತ್ತದೆ, ಸರ್ವಿಸ್ ಚಾರ್ಜ್ ಆದರೆ ಒಳಗೆ ದುಡಿಯುವವರಿಗೂ ಹಂಚಿಕೆಯಾಗುತ್ತದೆ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗಿರಾಕಿ ಇಷ್ಟಪಟ್ಟು ಎಷ್ಟು ಬೇಕಾದರೂ ಕೊಡಬಹುದು, ಬಲವಂತ ಮಾತ್ರ ಕೂಡದು. ಬಲವಂತವಾಗಿ ಸೇರಿಸಿದರೆ ತೆಗೆಯಲು ಹೇಳಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ತೀರ್ಪು ಸರಿ ಅಂತ ನನಗೆ ಅನಿಸುತ್ತದೆ. ಆದರೆ ಮಾಲೀಕರ ಆ ವಾದದಲ್ಲಿ ಇದ್ದ ಪ್ರಶ್ನೆಯನ್ನು ನಾವು ಬಿಟ್ಟುಬಿಡಬಾರದು. ಒಳಗಿನವರಿಗೆ ದುಡ್ಡು ಮುಟ್ಟಿಸುವ ದಾರಿ ಸರ್ವಿಸ್ ಚಾರ್ಜ್ ಅಲ್ಲವಾದರೆ ಇನ್ನೇನು? ಮೊದಲ ಉತ್ತರ ಪಗಾರ. ಅದರ ಮೇಲಿನದ್ದು ಟಿಪ್ಸ್ ಹಂಚಿಕೆ.

ಒಂದು ಸಣ್ಣ ಗೊಂದಲವನ್ನೂ ಇಲ್ಲೇ ತೆಗೆದುಬಿಡೋಣ. ಬಿಲ್‌ನಲ್ಲಿ ಕಾಣುವ ಜಿಎಸ್‌ಟಿ ಕೆಲಸಗಾರರಿಗೆ ಹೋಗುವುದಿಲ್ಲ. ಸಾಮಾನ್ಯ ರೆಸ್ಟೋರೆಂಟ್ ಬಿಲ್‌ನ 5 ಶೇಕಡಾ ಪೂರ್ತಿ ತೆರಿಗೆ, ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ‘ಬಿಲ್‌ನಲ್ಲೇ ಕೊಟ್ಟಿದೀವಲ್ಲ’ ಅಂತ ಹೇಳಿ ಏಳುವವರು ಇದನ್ನು ಗಮನಿಸಬೇಕು.

ಫೋನ್ ಪೇ ಬಂದಮೇಲೆ

ಹಂಚಿಕೆಯ ಜಗಳ ಶುರುವಾಗುವ ಮುಂಚೆಯೇ ಹಂಚಬೇಕಾದ ದುಡ್ಡು ಕರಗುತ್ತಿದೆ. ಮೊದಲು 460 ರೂಪಾಯಿ ಬಿಲ್‌ಗೆ ಐನೂರರ ನೋಟು ಕೊಡುತ್ತಿದ್ದೆವು. ನಲವತ್ತು ವಾಪಸ್ ಬಂದರೆ ಇಪ್ಪತ್ತು ತಟ್ಟೆಯಲ್ಲೇ ಉಳಿಯುತ್ತಿತ್ತು. ಈಗ ಸ್ಕ್ಯಾನ್ ಮಾಡಿ ಸರಿಯಾಗಿ 460 ಹಾಕಿ ಎದ್ದು ಹೋಗುತ್ತೇವೆ. ಜಿಪುಣತನದಿಂದ ಅಲ್ಲ, ಚಿಲ್ಲರೆಯೇ ಹುಟ್ಟುವುದಿಲ್ಲ. ಕೆಲವರು 480 ಹಾಕಿ ಇಪ್ಪತ್ತು ಹುಡುಗನಿಗೆ ಕೊಡಿ ಅನ್ನುತ್ತಾರೆ. ಅದು ಮಾಲೀಕರ ಖಾತೆಗೆ ಬಿದ್ದಿರುತ್ತದೆ. ರಾತ್ರಿ ಲೆಕ್ಕದಲ್ಲಿ ಗಲ್ಲಾದಿಂದ ಹೊರಗೆ ಬಂತಾ, ಬರಲಿಲ್ಲವಾ, ಕೇಳುವ ಧೈರ್ಯ ಆ ಹುಡುಗನಿಗೆ ಇರುವುದಿಲ್ಲ. ಒಡಿಶಾದಿಂದಲೋ ನೇಪಾಳದಿಂದಲೋ ಬಂದು ಮಾಲೀಕರು ಕೊಟ್ಟ ರೂಮಿನಲ್ಲೇ ಮಲಗುವವನಾದರಂತೂ ಬಾಯಿ ಬಿಡುವುದಿಲ್ಲ.

ಪಾರ್ಸೆಲ್‌ನದ್ದು ಇನ್ನೊಂದು ಕಥೆ. ಸ್ವಿಗ್ಗಿ, ಝೊಮ್ಯಾಟೊದಲ್ಲಿ ಕೊಡುವ ಟಿಪ್ಸ್ ಡೆಲಿವರಿ ಹುಡುಗನಿಗೆ. ಅದು ಸರಿಯೇ, ಬಿಸಿಲಲ್ಲಿ ಗಾಡಿ ಓಡಿಸುವವನು ಅವನು. ಆದರೆ ಆ ಆರ್ಡರ್‌ನಲ್ಲಿ ಸಪ್ಲೈಯರ್ ಇಲ್ಲ, ಟೇಬಲ್ ಇಲ್ಲ. ಅಡುಗೆಮನೆಯ ಕೆಲಸ ಮಾತ್ರ ಅಷ್ಟೇ ಇದೆ, ಜೊತೆಗೆ ಡಬ್ಬಿ ಕಟ್ಟುವ ಕೆಲಸ ಹೆಚ್ಚಾಗಿದೆ. ಪಾರ್ಸೆಲ್ ಹೆಚ್ಚಾದಷ್ಟೂ ಒಳಗಿನವರ ದುಡಿಮೆ ಏರುತ್ತದೆ, ಹೋಟೆಲ್ ಒಳಗೆ ಬೀಳುವ ಟಿಪ್ಸ್ ಇಳಿಯುತ್ತದೆ.

ಪಾಲು ಹಾಕುವುದು ಹೇಗೆ

ನಮ್ಮ ಹಳ್ಳಿಗಳಲ್ಲಿ ರಾಶಿಯ ಸಮಯಕ್ಕೆ ಕಣದಲ್ಲೇ ಆಯ, ಅಂದರೆ ಊರಿನ ಕಸುಬುದಾರರ ಪಾಲಿನ ಕಾಳು, ಅಳೆದು ಕೊಡುತ್ತಿದ್ದರು. ಬಡಿಗ, ಕಮ್ಮಾರ, ಕುಂಬಾರ, ಅಗಸ ಯಾರೂ ಬಿತ್ತಿದವರಲ್ಲ. ಆದರೂ ಕುಂಟೆ ಸರಿಮಾಡಿದ ಕೈ, ಕುಡುಗೋಲು ಹದಮಾಡಿದ ಕೈ ಆ ಜೋಳದಲ್ಲಿ ಇತ್ತು. ಟಿಪ್ಸ್ ಡಬ್ಬಿಯನ್ನೂ ಹೀಗೆ ನೋಡಬಹುದು. ಆದರೆ ಆಯದಲ್ಲಿ ಒಂದು ದೊಡ್ಡ ಕೊರತೆ ಇತ್ತು. ಯಾರಿಗೆ ಎಷ್ಟು ಅನ್ನುವುದನ್ನು ಜಾತಿ ಮತ್ತು ಗೌಡರು ತೀರ್ಮಾನಿಸುತ್ತಿದ್ದರು. ಕೆಳಗಿನವರಿಗೆ ಕೊನೆಗೆ ಉಳಿದ ಕಾಳು. ಹೋಟೆಲ್‌ನ ಪಾಲು ಹಾಗಾಗಬಾರದು ಅಂದರೆ ಲೆಕ್ಕ ಬರವಣಿಗೆಯಲ್ಲಿ ಇರಬೇಕು, ತೀರ್ಮಾನ ದುಡಿಯುವವರದ್ದಾಗಿರಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಮಧ್ಯಮ ಹೋಟೆಲ್ ಅಂದುಕೊಳ್ಳಿ. ನಾಲ್ಕು ಜನ ಸಪ್ಲೈಯರ್. ಒಳಗೆ ಇಬ್ಬರು ಹೆಲ್ಪರ್, ಇಬ್ಬರು ರೊಟ್ಟಿಯವರು, ಇಬ್ಬರು ಪಾತ್ರೆಯವರು. ದಿನಕ್ಕೆ ಒಟ್ಟು 1,200 ರೂಪಾಯಿ ಟಿಪ್ಸ್ ಬಂತು ಅಂದುಕೊಳ್ಳೋಣ. ಈಗಿನ ಪದ್ಧತಿಯಲ್ಲಿ ಒಬ್ಬ ಸಪ್ಲೈಯರ್‌ಗೆ ಸರಾಸರಿ 300. ಅದರಲ್ಲಿ 20 ಶೇಕಡಾ ಒಳಗೆ ಕೊಟ್ಟರೆ 240 ರೂಪಾಯಿ ಆರು ಜನರಿಗೆ, ತಲೆಗೆ 40. ಸಪ್ಲೈಯರ್‌ಗೆ ಉಳಿಯುವುದು 240. ತಿಂಗಳಿಗೆ 26 ದಿನ ಹಿಡಿದರೆ ಒಳಗಿನವರಿಗೆ ತಲೆಗೆ 1,040 ರೂಪಾಯಿ ಬರುತ್ತದೆ, ಸಪ್ಲೈಯರ್‌ಗೆ 1,560 ಕಡಿಮೆಯಾಗುತ್ತದೆ.

1,040 ರೂಪಾಯಿ ಅಂದರೆ ಪಾತ್ರೆ ತೊಳೆಯುವವರ ಮನೆಯಲ್ಲಿ ಒಂದು ಸಿಲಿಂಡರ್ ಗ್ಯಾಸ್. 1,560 ಅಂದರೆ ಸಪ್ಲೈಯರ್ ಊರಿಗೆ ಕಳಿಸುವ ದುಡ್ಡಿನಲ್ಲಿ ಕೊರತೆ. ಎರಡೂ ನಿಜ. ಅದಕ್ಕೇ 50 ಶೇಕಡಾ ಕೊಡಿ, ಸಮಪಾಲು ಮಾಡಿ ಅಂತ ನಾನು ಹೇಳುವುದಿಲ್ಲ. ಗಿರಾಕಿ ಎದುರು ನಿಂತವನಿಗೆ ದೊಡ್ಡ ಪಾಲು ಇರಲಿ. ಹಂಚಿಕೆ ಶುರುಮಾಡುವ ತಿಂಗಳಿಂದಲೇ ಮಾಲೀಕರು ಸಪ್ಲೈಯರ್ ಪಗಾರದಲ್ಲಿ ಆ ಕೊರತೆ ತುಂಬಿಕೊಡಲಿ. ‘ಟಿಪ್ಸ್ ಬರ್ತದಲ್ಲ’ ಅಂತ ಮೊದಲು ಕಡಿಮೆ ಮಾಡಿದ್ದನ್ನು ವಾಪಸ್ ಕೊಡುವುದಷ್ಟೇ ಅದು.

ಇದರಿಂದ ಸಪ್ಲೈಯರ್‌ಗೂ ಲಾಭ ಇಲ್ಲ ಅಂತಲ್ಲ. ಒಳಗಿನವರಿಗೆ ಪಾಲಿದೆ ಅಂತಾದರೆ ಬಿಸಿ ರೊಟ್ಟಿ ಬೇಗ ಹೊರಗೆ ಬರುತ್ತದೆ, ತಟ್ಟೆ ಸ್ವಚ್ಛ ಇರುತ್ತದೆ, ಗಿರಾಕಿ ಖುಷಿಯಾಗುತ್ತಾನೆ. ಹಾಗಂತ ಟಿಪ್ಸ್ ಏರಿಯೇ ಏರುತ್ತದೆ ಅಂತ ಭರವಸೆ ಕೊಡಲು ಬರುವುದಿಲ್ಲ. ನ್ಯಾಯದ ಮಾತನ್ನು ಲಾಭದ ಮೇಲೆ ನಿಲ್ಲಿಸುವ ಅಗತ್ಯವೂ ಇಲ್ಲ.

ಬ್ರಿಟನ್ ಕಾನೂನಿನಿಂದ ಎರಡು ಮೂರು ವಿಷಯ ನಾವು ಸುಲಭವಾಗಿ ತೆಗೆದುಕೊಳ್ಳಬಹುದು. ಮಾಲೀಕರ ಕೈಗೆ ಬಂದ ಟಿಪ್ಸ್ ಪೂರ್ತಿಯಾಗಿ ಕೆಲಸಗಾರರಿಗೇ ಹೋಗಬೇಕು, ಕಾರ್ಡ್ ಮಷಿನ್ ಖರ್ಚು ಅಂತಲೂ ಕಡಿಯುವಂತಿಲ್ಲ. ಮುಂದಿನ ತಿಂಗಳು ಮುಗಿಯುವುದರೊಳಗೆ ಕೊಟ್ಟುಬಿಡಬೇಕು. ಹಂಚುವ ನಿಯಮ ಬರವಣಿಗೆಯಲ್ಲಿ ಇರಬೇಕು, ಲೆಕ್ಕವನ್ನು ಮೂರು ವರ್ಷ ಇಟ್ಟಿರಬೇಕು. ಇದಕ್ಕೆ ನಮ್ಮಲ್ಲಿ ಕಾನೂನು ಬರುವ ತನಕ ಕಾಯಬೇಕಿಲ್ಲ. ಗಲ್ಲಾ ಪಕ್ಕದಲ್ಲಿ ಕೆಲಸಗಾರರ ಖಾತೆಯ ಬೇರೆ ಕ್ಯೂಆರ್ ಕೋಡ್ ಅಂಟಿಸಿದರೆ ಮಾಲೀಕರ ಖಾತೆಗೂ ಟಿಪ್ಸ್‌ಗೂ ಸಂಬಂಧವೇ ಕಡಿದುಹೋಗುತ್ತದೆ. ‘ಇದರಲ್ಲಿ ಅಡುಗೆಮನೆಯವರಿಗೂ ಪಾಲಿದೆ’ ಅಂತ ಕೆಳಗೆ ಒಂದು ಸಾಲು ಬರೆದರೆ ಗಿರಾಕಿಗೂ ಗೊತ್ತಾಗುತ್ತದೆ. ಗೊತ್ತಾಗಬೇಕು ಕೂಡ, ಯಾಕೆಂದರೆ ದುಡ್ಡು ಅವರದ್ದು.

ಹಂಚುವುದು ದಿನದ ಲೆಕ್ಕದಲ್ಲೋ ವಾರದ ಲೆಕ್ಕದಲ್ಲೋ ಅನ್ನುವುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ರೊಟ್ಟಿಯವರ ಮಟ್ಟಿಗೆ ಅದೇ ದೊಡ್ಡದು. ಅವರಲ್ಲಿ ಹಲವರು ಮಧ್ಯಾಹ್ನದ ಊಟದ ಹೊತ್ತು ಮುಗಿಸಿ ಮನೆಗೆ ಹೋಗಿಬಿಡುತ್ತಾರೆ. ಹೆಚ್ಚಿನ ಟಿಪ್ಸ್ ಬೀಳುವುದು ರಾತ್ರಿ, ಅದರಲ್ಲೂ ಶನಿವಾರ, ಭಾನುವಾರ, ಮನೆಮಂದಿಯೆಲ್ಲ ಬಂದು ಕೂತಾಗ. ರಾತ್ರಿ ಇದ್ದವರಿಗೆ ಮಾತ್ರ ಅಂತ ಮಾಡಿದರೆ ಅವರ ಹೆಸರು ಪಟ್ಟಿಯಲ್ಲಿ ಇದ್ದೂ ಕೈಗೆ ಏನೂ ಬರುವುದಿಲ್ಲ. ವಾರದ ಒಟ್ಟು ಮೊತ್ತ ಹಿಡಿದು, ದುಡಿದ ಗಂಟೆ ನೋಡಿ, ಸೋಮವಾರ ಬೆಳಿಗ್ಗೆ ಅವರು ಹಿಟ್ಟು ನಾದಲು ಬಂದಾಗ ಪಾಲು ಅವರ ಕೈಗೇ ಕೊಡಬೇಕು. ಗಂಡನ ಕೈಗೋ, ಕೆಲಸಕ್ಕೆ ಹಚ್ಚಿದವರ ಕೈಗೋ ಅಲ್ಲ.